ನಿದ್ದೆಗಣ್ಣಿನ ಕಾರ್ಡು

ಕಳೆದ ತಿಂಗಳು ಈ ಅಂಕಣ ಬರಲಿಲ್ಲ. ‘ಎಲ್ಲಿ ಹೋದಿರಿ?’ ಎಂದು ಪುಣೆಯಿಂದ, ಚೆನ್ನೈಯಿಂದ ವಿಚಾರಿಸಿದವರಿಗೆಲ್ಲ ಒಂದೇ ಉತ್ತರ: ನಾನು ಡೊಂಬಿವಲಿಯಲ್ಲೇ ಇದ್ದೆ, ಲ್ಯಾಪ್‌ಟಾಪ್ ಮರಗಟ್ಟಿ ಕೂತಿತ್ತು.

ನಮ್ಮ ಸಂಘದ ಸ್ಮರಣ ಸಂಚಿಕೆಗೆ ಹಿರಿಯರೊಬ್ಬರ ನೆನಪುಗಳನ್ನು ಬರೆದುಕೊಳ್ಳುತ್ತಿದ್ದೆ. 82 ದಾಟಿದವರು. ಕುಂದಾಪುರದ ಕಡೆಯಿಂದ ಹುಡುಗನಾಗಿ ಬಂದು, ಹಗಲೆಲ್ಲ ಫೋರ್ಟಿನ ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಕನ್ನಡ ಶಾಲೆಯಲ್ಲಿ ಕಲಿತವರು. ಅವರು ಹೇಳುತ್ತಿದ್ದರು, ನಾನು ಟೈಪ್ ಮಾಡುತ್ತಿದ್ದೆ. ನಲವತ್ತು ನಿಮಿಷ ಆಗಿರಬೇಕು. ಯಾವುದೋ ಗಲ್ಲಿಯ ಹೆಸರು ಬಂತು, ನಕ್ಷೆ ನೋಡೋಣವೆಂದು ಬ್ರೌಸರ್ ತೆರೆದೆ. ಅಷ್ಟೇ. ಬಾಣದ ಗುರುತು ಇದ್ದಲ್ಲೇ ನಿಂತಿತು. ಕ್ಯಾಪ್ಸ್ ಲಾಕ್ ಒತ್ತಿದರೆ ದೀಪವೂ ಹೊತ್ತಲಿಲ್ಲ. ಕೊನೆಗೆ ಪವರ್ ಬಟನ್ ಅದುಮಿ ಹಿಡಿಯಬೇಕಾಯಿತು. ಸೇವ್ ಮಾಡಿರಲಿಲ್ಲ, ಅದು ನನ್ನದೇ ತಪ್ಪು.

‘ಅಡ್ಡಿಲ್ಲ ಮಾರಾಯ್ರೆ, ಮತ್ತೆ ಹೇಳ್ತೆ’ ಅಂದರು, ಹೇಳಿದರು ಕೂಡ. ಆದರೆ ಮೊದಲ ಸಲ ಮಾಸ್ತರರ ಹೆಸರು ಬಂದಾಗ ತಡೆದು ನಿಂತಿದ್ದ ದನಿ ಎರಡನೇ ಸಲ ನಿಲ್ಲಲಿಲ್ಲ.

ರಿಪೇರಿ ಅಂಗಡಿಯವನು ನೋಡಿ, ‘ಮದರ್‌ಬೋರ್ಡ್ ಹೋಗಿದೆ, 19,000 ಆಗುತ್ತೆ’ ಅಂದ. ನನಗೆ ನಂಬಿಕೆ ಬರಲಿಲ್ಲ. ಸುಟ್ಟ ಬೋರ್ಡು ದಿನವಿಡೀ ಚೆನ್ನಾಗಿ ನಡೆದು ನಕ್ಷೆ ತೆರೆದಾಗ ಮಾತ್ರ ಸಾಯುವುದೇ? ಮೆಮೊರಿಯನ್ನು ರಾತ್ರಿಯಿಡೀ ಪರೀಕ್ಷೆಗೆ ಹಾಕಿದೆ, ಒಂದು ದೋಷವೂ ಇಲ್ಲ. ಫ್ಯಾನಿನ ಧೂಳು ತೆಗೆದೆ, ವ್ಯತ್ಯಾಸವಿಲ್ಲ. ಆಮೇಲೆ ಹಳೇ ಡೈರಿಯೊಂದರಲ್ಲಿ, ಹಾಲಿನ ಲೆಕ್ಕ ಬರೆಯುವ ಹಾಗೆ, ಪ್ರತಿ ಸಲ ನಿಂತಾಗ ಆ ಗಳಿಗೆಯಲ್ಲಿ ಏನು ಮಾಡುತ್ತಿದ್ದೆ ಎಂದು ಬರೆಯತೊಡಗಿದೆ. ಹನ್ನೊಂದು ಸಲದಲ್ಲಿ ಒಂಬತ್ತು ಸಲ ಏನನ್ನೋ ಹೊಸದಾಗಿ ತೆರೆದಿದ್ದೆ. ಗಂಟೆಗಟ್ಟಲೆ ಟೈಪ್ ಮಾಡುವಾಗ ಒಮ್ಮೆಯೂ ನಿಂತಿರಲಿಲ್ಲ.

ಅಲ್ಲಿ ಎಳೆ ಸಿಕ್ಕಿತು. ಇಂಥ ಲ್ಯಾಪ್‌ಟಾಪ್‌ಗಳಲ್ಲಿ ಗ್ರಾಫಿಕ್ಸ್‌ಗೆ ಎರಡು ಏರ್ಪಾಡು. ಒಂದು ಪ್ರೊಸೆಸರಿನೊಳಗೇ ಇರುವ ಮಿತವ್ಯಯಿ. ಇನ್ನೊಂದು ಗೇಮು, ವಿಡಿಯೊ ಎಡಿಟಿಂಗಿಗೆಂದು ಇಟ್ಟ ದೊಡ್ಡ ಕಾರ್ಡು, ವಿದ್ಯುತ್ತಿನ ವಿಷಯದಲ್ಲಿ ಹೊಟ್ಟೆಬಾಕ. ಯಾರೂ ಇಲ್ಲದ ಕೋಣೆಯ ಫ್ಯಾನ್ ಆರಿಸುವಂತೆ ಕೆಲಸವಿಲ್ಲದಾಗ ದೊಡ್ಡದನ್ನು ಆರಿಸಿ, ಬೇಕಾದಾಗ ತಾನೇ ಎಬ್ಬಿಸುವ ವ್ಯವಸ್ಥೆಯನ್ನು ಎನ್‌ವಿಡಿಯಾ 2010ರಲ್ಲಿ ಆಪ್ಟಿಮಸ್ ಎಂಬ ಹೆಸರಿನಲ್ಲಿ ತಂದಿತು. ಈಗ ಅದು ಬೇರೆಬೇರೆ ರೂಪದಲ್ಲಿ ಎಲ್ಲ ಕಡೆ ಇದೆ. ನನ್ನದು ಲಿನಕ್ಸ್. 5 ಸೆಕೆಂಡ್ ಕೆಲಸವಿಲ್ಲದಿದ್ದರೆ ಕಾರ್ಡನ್ನು ಮಲಗಿಸುತ್ತದೆ. ಮಲಗುವುದರಲ್ಲಿ ತಕರಾರಿಲ್ಲ, ಏಳುವುದರಲ್ಲಿದೆ. ಬ್ರೌಸರಿನಂಥ ಪ್ರೋಗ್ರಾಮುಗಳು ತೆರೆಯುವಾಗ ‘ಇಲ್ಲಿ ಯಾವ್ಯಾವ ಕಾರ್ಡುಗಳಿವೆ?’ ಎಂದು ಕೇಳುತ್ತವೆ. ಉತ್ತರ ಕೊಡಲು ಅದು ಏಳಲೇಬೇಕು.

ಸಂಶಯ ಖಚಿತವಾದದ್ದು ತಮಾಷೆಯಾಗಿ. ಯಂತ್ರದಲ್ಲಿ ಏನೇನಿದೆಯೆಂದು ಪಟ್ಟಿ ಕೊಡುವ ‘ಎಲ್‌ಎಸ್‌ಪಿಸಿಐ’ ಎಂಬ ಕಮ್ಯಾಂಡ್ ಇದೆ. ಕಾರ್ಡನ್ನು ಪರೀಕ್ಷಿಸಲೆಂದು ಅದನ್ನೇ ಕೊಟ್ಟೆ, ಯಂತ್ರ ನಿಂತಿತು. ನಾಡಿ ಹಿಡಿದರೆ ಉಸಿರು ನಿಲ್ಲಿಸುವ ರೋಗಿ! ಮರುದಿನ ಫೋನಿನಿಂದ ವೈಫೈ ಮೂಲಕ ಲ್ಯಾಪ್‌ಟಾಪಿಗೆ ಲಾಗಿನ್ ಆಗಿ, ಕರ್ನೆಲ್ ಸಂದೇಶಗಳು ಫೋನಿನ ಪರದೆಯಲ್ಲಿ ಹರಿಯುವಂತೆ ಇಟ್ಟು, ಮತ್ತೆ ಅದೇ ಕಮ್ಯಾಂಡ್ ಕೊಟ್ಟೆ. ಪರದೆ ಹೆಪ್ಪುಗಟ್ಟಿತು. ಅರ್ಧ ನಿಮಿಷದ ಮೇಲೆ ಫೋನಿನಲ್ಲಿ ಕೊನೆಯ ಸಾಲು ಬಂತು: ಎಸಿಪಿಐ ದೋಷ, ಲೂಪ್ ಟೈಮ್‌ಔಟ್.

ಎಸಿಪಿಐ ಅಂದರೆ ಕಾರ್ಡಿಗೆ ಕರೆಂಟ್ ಕೊಡುವುದು, ತೆಗೆಯುವುದು ಹೇಗೆಂದು ಲ್ಯಾಪ್‌ಟಾಪ್ ತಯಾರಿಸಿದವರು ಫರ್ಮ್‌ವೇರಿನಲ್ಲಿ ಬರೆದಿಟ್ಟ ಪುಟ್ಟ ಪ್ರೋಗ್ರಾಮುಗಳನ್ನು ಆಪರೇಟಿಂಗ್ ಸಿಸ್ಟಮ್ ಬಳಸಿಕೊಳ್ಳುವ ಏರ್ಪಾಡು. ಆ ಪ್ರೋಗ್ರಾಮು ಮೊದಲು ‘ನೀನು ಯಾವ ವಿಂಡೋಸ್?’ ಎಂದು ಕೇಳುವುದುಂಟು. ಲಿನಕ್ಸ್ ಸುಮ್ಮನೆ ‘ಹೌದು, ವಿಂಡೋಸೇ’ ಅನ್ನುತ್ತದೆ. ಮುಂಬಯಿಯಲ್ಲಿ ಬಾಡಿಗೆ ಮನೆ ಕೇಳಲು ಹೋದಾಗ ‘ಶಾಕಾಹಾರಿಗಳಾ?’ ಎಂದರೆ ನಾವೆಲ್ಲ ಹೂಂಗುಟ್ಟಿದ ಹಾಗೆ. ಹೊಸ ವಿಂಡೋಸ್ ಎಂದು ನಂಬಿ ಫರ್ಮ್‌ವೇರ್ ಹೊಸ ದಾರಿ ಹಿಡಿಯುತ್ತದೆ. ನನ್ನ ಯಂತ್ರದಲ್ಲಿ ಆ ದಾರಿ ‘ಕಾರ್ಡು ಎದ್ದಿತೇ? ಎದ್ದಿತೇ?’ ಎಂದು ಕೇಳುತ್ತಾ ಸುತ್ತುವುದರಲ್ಲೇ ಮುಗಿಯುತ್ತಿತ್ತು.

ಮೊದಲ ಮದ್ದು: ಬೂಟ್ ಆಗುವಾಗ ಡ್ರೈವರಿಗೆ ‘ರನ್‌ಪಿಎಂ=0’ ಎಂದು ಹೇಳಿ ಕಾರ್ಡನ್ನು ಮಲಗಗೊಡದಿರುವುದು. ನಾಲ್ಕು ದಿನ ಒಮ್ಮೆಯೂ ನಿಲ್ಲಲಿಲ್ಲ. ಆದರೆ 5 ಗಂಟೆ ಬರುತ್ತಿದ್ದ ಬ್ಯಾಟರಿ ಎರಡೂವರೆಗೆ ಇಳಿಯಿತು, ತೊಡೆಯ ಮೇಲೆ ಇಟ್ಟರೆ ದೋಸೆ ಕಾವಲಿ. ಎರಡನೆಯದು, ‘ಎಸಿಪಿಐ ಓಎಸ್‌ಐ’ ಎಂಬ ಸೂಚನೆಯಲ್ಲಿ ‘ವಿಂಡೋಸ್ 2009’ ಎಂದು ಕೊಟ್ಟು, ಇದು ಹಳೆಯ ವಿಂಡೋಸ್ 7 ಎಂದು ಫರ್ಮ್‌ವೇರನ್ನು ನಂಬಿಸುವುದು. ಆಗ ಅದು ಹಳೇ ದಾರಿ ಹಿಡಿಯುತ್ತದೆ. ಹತ್ತು ಸೆಕೆಂಡಿಗೊಮ್ಮೆ ಐವತ್ತು ಸಲ ‘ಎಲ್‌ಎಸ್‌ಪಿಸಿಐ’ ಕೊಟ್ಟೆ. ಐವತ್ತು ಸಲವೂ ಕಾರ್ಡು ಎದ್ದು ಮತ್ತೆ ಮಲಗಿತು.

ಎಲ್ಲ ಮಾಡೆಲಿಗೂ ಇದು ಒಗ್ಗುವುದಿಲ್ಲ. ಮೊದಲು ಬೂಟ್ ಮೆನುವಿನಲ್ಲಿ ‘ಇ’ ಒತ್ತಿ ಒಂದೇ ಸಲಕ್ಕೆ ಪರೀಕ್ಷಿಸಿ, ರೀಸ್ಟಾರ್ಟ್ ಮಾಡಿದರೆ ಮಾಯವಾಗುತ್ತದೆ. ಎಲ್ಲೋ ಸಿಕ್ಕ ಕಮ್ಯಾಂಡನ್ನು ಓದದೆ ಅಂಟಿಸಬೇಡಿ. ಇದೇ ಎರಡು ಕಾರ್ಡುಗಳ ತಾಪತ್ರಯಕ್ಕೆಂದು ಬಂದ ಬಂಬಲ್‌ಬೀ ಎಂಬ ತಂತ್ರಾಂಶದ ಇನ್‌ಸ್ಟಾಲರ್, 2011ರಲ್ಲಿ ಒಂದೇ ಒಂದು ಹೆಚ್ಚುವರಿ ಸ್ಪೇಸ್‌ನಿಂದಾಗಿ ಜನರ ‘ಯುಎಸ್‌ಆರ್’ ಫೋಲ್ಡರನ್ನೇ ಗುಡಿಸಿ ಹಾಕಿತ್ತು. ವಿಂಡೋಸ್ ಬಳಸುವವರಿಗೆ ಇದೇ ಲಕ್ಷಣ ಕಂಡರೆ ಡಿವೈಸ್ ಮ್ಯಾನೇಜರಿನಲ್ಲಿ ದೊಡ್ಡ ಕಾರ್ಡನ್ನು ಎರಡು ದಿನ ಡಿಸೇಬಲ್ ಮಾಡಿ ನೋಡಿ. ಮದರ್‌ಬೋರ್ಡಿಗೆ ದುಡ್ಡು ಎಣಿಸುವುದು ಆಮೇಲೆ.

ಸಂಚಿಕೆ ಅಚ್ಚಿಗೆ ಹೋಗಿದೆ, ಎರಡನೇ ಸಲ ಹೇಳಿದ ರೂಪದಲ್ಲೇ. ಹಿರಿಯರು ಈ ಭಾನುವಾರ ಮತ್ತೆ ಬರುತ್ತಾರಂತೆ, ಸ್ವಂತ ಹೋಟೆಲ್ ಇಟ್ಟ ಕಥೆ ಬಾಕಿಯಿದೆ. ಟೈಪ್ ಮಾಡುವಾಗ ಫೋನನ್ನೂ ಪಕ್ಕದಲ್ಲಿಟ್ಟು ಅವರ ದನಿ ರೆಕಾರ್ಡ್ ಮಾಡಿಕೊಳ್ಳುತ್ತೇನೆ.