ಪಕ್ಕದ ಬೆಂಚಿನವನು

ಹನ್ನೊಂದನೇ ಕ್ಲಾಸಿಗೆ ಈ ಕಾಲೇಜಿಗೆ ಬಂದಾಗ ಮೂರು ತಿಂಗಳು ನಾನು ಬಾಯಿ ಬಿಟ್ಟವನಲ್ಲ. ಹತ್ತನೇತನಕ ಕನ್ನಡ ಶಾಲೆ. ಡೆಬಿಟ್ಟು ಕ್ರೆಡಿಟ್ಟು ತಲೆಗೆ ಹತ್ತುತ್ತಿತ್ತು, ಕೇಳಬೇಕಾದ ಪ್ರಶ್ನೆ ಮಾತ್ರ ಇಂಗ್ಲಿಷಿನಲ್ಲಿ ಹುಟ್ಟುತ್ತಿರಲಿಲ್ಲ. ಮನೆಯಲ್ಲಿ ಅಮ್ಮ "ಏನಾಯ್ತೋ?" ಅಂದರೆ "ಏನಿಲ್ಲ". ಕೊನೆಗೆ ಮಾತಾಡಿಸಿದವನು ನಮ್ಮ ಸಂಘದ ಒಬ್ಬ ಸೀನಿಯರ್. ಕಟಿಂಗ್ ಚಾ ಕೊಡಿಸಿ, "ಯಾವ ಊರಯ್ಯಾ ನಿಂದು?" ಅಂದ. ಅಷ್ಟೇ.

ಇದು ನೆನಪಾದದ್ದು ಕೆನಡಾದ ಮೂಲನಿವಾಸಿ ಯುವಕರ ಬಗ್ಗೆ ಓದುವಾಗ. ಅವರ ಕಷ್ಟದ ಮುಂದೆ ನಂದು ಕಷ್ಟವೇ ಅಲ್ಲ ಬಿಡಿ. ಅಲ್ಲಿನ ಸರ್ಕಾರವೂ ಚರ್ಚುಗಳೂ ಸೇರಿ ನೂರು ವರ್ಷಕ್ಕೂ ಮೀರಿ ಸುಮಾರು 1,50,000 ಮಕ್ಕಳನ್ನು ವಸತಿಶಾಲೆಗಳಲ್ಲಿ ಕೂಡಿಹಾಕಿದವು. ತಾಯ್ನುಡಿ ಆಡಿದರೆ ಶಿಕ್ಷೆ! ಕೊನೆಯ ಶಾಲೆಗಳು ಮುಚ್ಚಿದ್ದು 1990ರ ದಶಕದಲ್ಲಿ. ಆ ಗಾಯ ಮೊಮ್ಮಕ್ಕಳಿಗೂ ಇಳಿದಿದೆ. 2016ರ ಏಪ್ರಿಲಿನಲ್ಲಿ, ಆಂಟೇರಿಯೋ ಪ್ರಾಂತದ ಅಟ್ಟಾವಾಪಿಸ್ಕಾಟ್ ಎಂಬ ಸಣ್ಣ ಊರು, ಪ್ರಾಣ ಕಳೆದುಕೊಳ್ಳಲು ಹೊರಟ ತನ್ನ ಮಕ್ಕಳನ್ನು ಕಂಡು ತುರ್ತುಪರಿಸ್ಥಿತಿಯನ್ನೇ ಸಾರಬೇಕಾಯಿತು.

ಅದೇ ವರ್ಷ ಕೆಲ್ವಿನ್ ಮತ್ತು ಟುಂಚಾಯ್ ರೆಡ್‌ವರ್ಸ್ ಎಂಬ ಒಡಹುಟ್ಟಿದವರು 'ವಿ ಮ್ಯಾಟರ್' ಶುರುಮಾಡಿದರು. ನಾವೂ ಲೆಕ್ಕಕ್ಕಿದ್ದೇವೆ ಅಂತ ಅರ್ಥ. ಅವರೂ ಮೂಲನಿವಾಸಿಗಳೇ. ಉಪದೇಶವಿಲ್ಲ, ತಾನು ಎಂಥ ಕತ್ತಲಲ್ಲಿದ್ದೆ, ಹೇಗೆ ಹೊರಬಂದೆ ಎಂದು ಒಬ್ಬೊಬ್ಬರೂ ಪುಟ್ಟ ವಿಡಿಯೋದಲ್ಲಿ ಹೇಳುತ್ತಾರೆ. ಕೇಳುವ ಹುಡುಗಿಗೆ ಹೇಳುವವಳು ತನ್ನಂಥವಳೇ ಅಂತ ಗೊತ್ತಿರುತ್ತದೆ.

ಇನ್ನೊಂದು ಸಂಗತಿ. ಬ್ರಿಟಿಷ್ ಕೊಲಂಬಿಯಾ ಪ್ರಾಂತದಲ್ಲಿ ಹ್ಯಾಲೆಟ್, ಚಾಂಡ್ಲರ್, ಲಲೋಂಡ್ ಎಂಬ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಲೆಕ್ಕ: ಅರ್ಧದಷ್ಟಾದರೂ ಜನ ತಮ್ಮ ನುಡಿಯಲ್ಲಿ ಮಾತಾಡಬಲ್ಲ ಸಮುದಾಯಗಳಲ್ಲಿ ಯುವಕರ ಆತ್ಮಹತ್ಯೆ ಇಲ್ಲವೆನ್ನುವಷ್ಟು ಕಡಿಮೆ. ನುಡಿಯೊಂದೇ ಔಷಧಿ ಅಂತಲ್ಲ. ಸಣ್ಣ ಸಮುದಾಯಗಳ ಅಂಕಿಯನ್ನು ಹುಷಾರಾಗಿ ಓದಬೇಕು — ಕಾಮರ್ಸಿನವನು ಇಷ್ಟಾದರೂ ಹೇಳಬೇಕಲ್ಲ! ಆದರೂ ಆ ಸಾಲಿನಿಂದ ಕಣ್ಣು ಕೀಳಲಾಗಲಿಲ್ಲ.

"ಅದೆಲ್ಲ ಡಾಕ್ಟರ ಕೆಲಸ, ಸಾಹಿತ್ಯ ಸಂಘಕ್ಕೇನು ಸಂಬಂಧ?" ಅಂತ ಕಮಿಟಿಯಲ್ಲಿ ಒಬ್ಬರು ನಕ್ಕರು. ಡಾಕ್ಟರು ಬೇಕು, ಖಂಡಿತ ಬೇಕು. ಆದರೆ ಹುಡುಗ ಊಟ ಬಿಟ್ಟದ್ದು, ಕ್ಲಾಸು ತಪ್ಪಿಸಿದ್ದು ಮೊದಲು ಕಾಣುವುದು ಪಕ್ಕದ ಬೆಂಚಿನವನಿಗೆ. ಡಾಕ್ಟರ ಬಾಗಿಲತನಕ ಜೊತೆಗೆ ನಡೆಯಬಲ್ಲವನೂ ಅವನೇ. ರಾಜ್ಯೋತ್ಸವದ ನಾಟಕಕ್ಕೆ ಎರಡು ತಿಂಗಳು ರಿಹರ್ಸಲ್ ಮಾಡುವ ನಮಗೆ ವಾರಕ್ಕೊಂದು ಗಂಟೆ ಸಿಗುವುದಿಲ್ಲವೇ?

ಕಮಿಟಿ ಠರಾವು ಪಾಸು ಮಾಡುವತನಕ ನಾನು ಕಾಯುವುದಿಲ್ಲ. ಶನಿವಾರ ಮೂರು ಗಂಟೆಗೆ ಕ್ಯಾಂಟೀನಿನ ಕಿಟಕಿ ಪಕ್ಕದ ಮೇಜಿನಲ್ಲಿ ಇರ್ತೇನೆ. ಯಾರು ಬೇಕಾದರೂ ಬನ್ನಿ. ಚಾ ನಂದು.