ಪಾದ್ರಿಯ ದಫ್ತರ, ವಲಸಿಗರ ಚರಿತ್ರೆ

ಪ್ಯಾಟ್ರಿಕ್ ಹಾರ್ಟಿಗನ್ ಎಂಬ ಕ್ಯಾಥೊಲಿಕ್ ಗುರು 1917ರಲ್ಲಿ ನ್ಯೂ ಸೌತ್ ವೇಲ್ಸಿನ ನರಾಂಡೆರ ಎಂಬ ಸಣ್ಣ ಪಟ್ಟಣದ ಧರ್ಮಕೇಂದ್ರಕ್ಕೆ ಬಂದರು. ಅಲ್ಲಿಂದ ಹೊರಟದ್ದು 1944ರಲ್ಲಿ. 27 ವರ್ಷ, ಒಂದೇ ಊರು. ಜಾನ್ ಒಬ್ರಯನ್ ಎಂಬ ಕಾವ್ಯನಾಮದಲ್ಲಿ 1921ರಲ್ಲಿ ಪ್ರಕಟಿಸಿದ ಪದ್ಯಸಂಗ್ರಹದಿಂದಾಗಿ ಆಸ್ಟ್ರೇಲಿಯಾ ಅವರನ್ನು ಕವಿಯೆಂದೇ ನೆನೆಯುತ್ತದೆ. ಆದರೆ ವಲಸಿಗ ಸಮುದಾಯಗಳಿಗೆ ಹೆಚ್ಚು ಮುಖ್ಯವಾಗಬೇಕಾದದ್ದು ಅವರ ಇನ್ನೊಂದು ಕೆಲಸ. ತಮಗಿಂತ ಹಿಂದೆ ಈ ನೆಲದಲ್ಲಿ ಕುದುರೆಯೇರಿ ಅಲೆದ ಐರಿಷ್ ಗುರುಗಳ ವೃತ್ತಾಂತಗಳನ್ನು ಅವರು 1940ರ ದಶಕದಲ್ಲಿ ಲೇಖನಮಾಲೆಯಾಗಿ ಬರೆದರು. ನಿವೃತ್ತಿಯ ದಿನಗಳನ್ನು ಸಿಡ್ನಿಯಲ್ಲಿ ಕಳೆದು 1952ರಲ್ಲಿ ತೀರಿಕೊಂಡರು. ಆ ಬರಹಗಳು 'ದ ಮೆನ್ ಆಫ್ 38' ಎಂಬ ಪುಸ್ತಕವಾಗಿ ಮೆಲ್ಬರ್ನಿನ ಉತ್ತರಕ್ಕಿರುವ ಕಿಲ್ಮೋರಿನಿಂದ ಹೊರಬಂದದ್ದು 1975ರಲ್ಲಿ.

ಊರಿನ ಚರಿತ್ರೆಗೂ ಪಾದ್ರಿಯ ವೃತ್ತಿಗೂ ಹತ್ತಿರದ ನಂಟಿದೆ. ಜ್ಞಾನಸ್ನಾನ, ಮದುವೆ, ಮಣ್ಣು ಈ ಮೂರರ ದಫ್ತರವೂ ಅವನ ಕಪಾಟಿನಲ್ಲಿರುತ್ತದೆ. ಸಾಯುವವರ ಹಾಸಿಗೆಯ ಬಳಿ ಕುಳಿತು ಕೇಳುವವನೂ ಅವನೇ. ವಿಶ್ವವಿದ್ಯಾಲಯದ ಸಂಶೋಧಕರು ಅನುದಾನ ಮುಗಿದೊಡನೆ ಊರು ಬಿಡುತ್ತಾರೆ. ಪಾದ್ರಿ ಅಲ್ಲೇ ಉಳಿಯುತ್ತಾನೆ.

ಆದರೆ ಹೀಗೆ ಉಳಿದವನ ಚರಿತ್ರೆ ತನ್ನ ಮಂದೆಯ ಚರಿತ್ರೆಯಾಗಿಬಿಡುವ ಅಪಾಯವೂ ಉಂಟು. ಪುಸ್ತಕದ ಹೆಸರಿನಲ್ಲಿರುವ 38 ಎಂದರೆ 1838, ಐರ್ಲೆಂಡಿನ ಗುರುಗಳ ತಂಡವೊಂದು ಸಿಡ್ನಿಯಲ್ಲಿ ಬಂದಿಳಿದ ವರ್ಷ. ಅದೇ ವರ್ಷದ ಜೂನ್ 10ರಂದು ಮಯಾಲ್ ಕ್ರೀಕಿನಲ್ಲಿ ಕನಿಷ್ಠ 28 ಮಂದಿ ನಿರಾಯುಧ ವಿರಯರಾಯ್ ಜನರನ್ನು ಕೊಂದುಹಾಕಲಾಯಿತು. ಅದರ ವಿಚಾರಣೆ ನಡೆದದ್ದೂ ಸಿಡ್ನಿಯಲ್ಲಿಯೇ, ಏಳು ಮಂದಿ ಗಲ್ಲಿಗೇರಿದ್ದೂ ಅದೇ ವರ್ಷ. ನರಾಂಡೆರ ಸ್ವತಃ ವಿರಾಜುರಿ ಜನರ ನಾಡು. ಹಾರ್ಟಿಗನ್ ಅವರ ಕಥನದ ನಡುವೆ ನಿಂತಿರುವುದು ಬಂದವರು, ಇದ್ದವರಲ್ಲ. ಬ್ರಿಟಿಷರಿಂದ ನೆಲ ಕಳೆದುಕೊಂಡ ಐರಿಷರೇ ಇನ್ನೊಬ್ಬರ ನೆಲದಲ್ಲಿ 'ಮೊದಲಿಗ'ರಾದದ್ದನ್ನು ಇಂದಿನ ಓದುಗ ಮರೆತು ಓದಲಾಗದು.

ಮಂದೆಯ ಬೇಲಿ ದಾಟಿದ ಕ್ರೈಸ್ತ ಬೋಧಕನೊಬ್ಬನ ನೆನಪು ಕನ್ನಡಕ್ಕಿದೆ. ಬಾಸೆಲ್ ಮಿಶನ್ನಿನ ಸೇವೆಯಲ್ಲಿದ್ದ ರೆವರೆಂಡ್ ಉತ್ತಂಗಿ ಚನ್ನಪ್ಪ ಹಳ್ಳಿಹಳ್ಳಿ ತಿರುಗಿ ಸಂಗ್ರಹಿಸಿದ್ದು ತಮ್ಮ ಸಭೆಯ ಹಿರಿಮೆಯನ್ನಲ್ಲ, ಸರ್ವಜ್ಞನ ತ್ರಿಪದಿಗಳನ್ನು. ಓಲೆಗರಿಗಳಲ್ಲೂ ಜನರ ಬಾಯಲ್ಲೂ ಚದುರಿಹೋಗಿದ್ದ ಆ ಪದಗಳು 1924ರಲ್ಲಿ ಅವರ ಸಂಪಾದನೆಯಲ್ಲಿ ಅಚ್ಚಾದವು. 1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನ ಅವರನ್ನು ಅಧ್ಯಕ್ಷಪೀಠದಲ್ಲಿ ಕೂರಿಸಿತು. ಇನ್ನೊಬ್ಬರ ನುಡಿಯನ್ನು ಕಾಪಿಡುವುದರಿಂದ ತಮ್ಮ ವಿಶ್ವಾಸ ಸಣ್ಣದಾಗುತ್ತದೆಂಬ ಭಯ ಅವರಿಗಿರಲಿಲ್ಲ. ಇಂದಿನ ಕರ್ನಾಟಕದಲ್ಲಿ ಈ ಮಾತನ್ನು ಎರಡು ಸಲ ಹೇಳಬೇಕಾಗಿದೆ.

ಸಿಡ್ನಿ, ಮೆಲ್ಬರ್ನುಗಳ ಕನ್ನಡಿಗರಿಗೆ ದಫ್ತರ ಕಾಯುವ ಪಾದ್ರಿಯಿಲ್ಲ. ಇರುವುದು ಸಂಘಗಳು, ಅವುಗಳ ಸ್ಮರಣ ಸಂಚಿಕೆಗಳು: ಅಧ್ಯಕ್ಷರ ಸಂದೇಶ, ರಾಜ್ಯೋತ್ಸವದ ಚಿತ್ರಗಳು, ಪ್ರಾಯೋಜಕರ ಜಾಹೀರಾತು. ಶ್ವೇತ ಆಸ್ಟ್ರೇಲಿಯಾ ನೀತಿ 1973ರಲ್ಲಿ ಕೊನೆಗೊಂಡ ಬಳಿಕ ಬಂದ ಮೊದಲ ತಲೆಮಾರು ಈಗ ಮುಪ್ಪಿನಲ್ಲಿದೆ. ಅವರು ಯಾವ ಕೆಲಸಕ್ಕೆ ಬಂದರು, ಪದವಿಯಿದ್ದೂ ಯಾವ ಕೆಲಸ ಮಾಡಿದರು, ಮನೆ ಬಾಡಿಗೆಗೆ ಕೇಳಿದಾಗ ಏನು ಉತ್ತರ ಬಂತು, ಸಂಘದ ಅಡುಗೆಮನೆಯಲ್ಲಿ ಯಾರ ಜಾತಿಯ ಊಟ ಎಲ್ಲರ ಊಟವೆನಿಸಿತು, ಯಾರು ಒಮ್ಮೆ ಬಂದು ಮತ್ತೆ ಬರಲಿಲ್ಲ? ಇವು ಯಾವ ಸಂಚಿಕೆಯ ಪುಟಕ್ಕೂ ಸುಲಭವಾಗಿ ಏರುವ ಸಂಗತಿಗಳಲ್ಲ. ಸಾಧನೆಯ ಪಟ್ಟಿಯನ್ನೇ ಚರಿತ್ರೆಯೆಂದು ಕರೆಯುವ ಅಭ್ಯಾಸ ಸಮುದಾಯವನ್ನು ಹೊಗಳುತ್ತದೆ, ದಾಖಲಿಸುವುದಿಲ್ಲ.

ಕೆಲಸ ದೊಡ್ಡದೇನಲ್ಲ. ಫೋನಿನಲ್ಲೇ ಧ್ವನಿಮುದ್ರಣ ಸಾಧ್ಯ. ಗ್ಯಾರೇಜಿನ ಪೆಟ್ಟಿಗೆಗಳಲ್ಲಿ ಹಳೆಯ ನಡಾವಳಿ ಪುಸ್ತಕಗಳು, ಊರಿನಿಂದ ಬಂದ ಇನ್‌ಲ್ಯಾಂಡ್ ಪತ್ರಗಳು ಇನ್ನೂ ಸಿಕ್ಕಾವು. ಮನೆ ಮಾರುವ ದಿನ ಅವು ಮೊದಲು ಕಸಕ್ಕೆ ಹೋಗುತ್ತವೆ. ಸಂಘದ ಹೊಣೆ ಹೊತ್ತವರ ಜೊತೆಗೆ ಸಂಘ ಬಿಟ್ಟವರನ್ನೂ ಮಾತನಾಡಿಸಬೇಕು. ಮೊದಲ ಪುಟದಲ್ಲಿ ಬರಬೇಕಾದದ್ದು ಸಂಘ ಸ್ಥಾಪನೆಯ ದಿನಾಂಕವಲ್ಲ. ಕನ್ನಡಿಗರು ಮನೆ ಕಟ್ಟಿದ ನೆಲ ಸಿಡ್ನಿಯಲ್ಲಿ ಧರುಗ್ ಜನರದು, ಮೆಲ್ಬರ್ನಿನಲ್ಲಿ ವುರುಂಜೆರಿ ಜನರದು ಎಂಬ ಸಾಲು.