ಏರಿನಲ್ಲಿ ಗಾಡಿ ಸೋತರೆ ಮೊದಲು ಕೇಳಬೇಕಾದ ಮೂರು ಪ್ರಶ್ನೆ

ಹೋದ ತಿಂಗಳು ಬ್ಯಾಟರಿ ಬಗ್ಗೆ ಬರೆದಿದ್ದೆವು. ಈ ಸಲ ಬೆಟ್ಟದ ವಿಷಯ. ನಿಜ್ವಾ ಕಡೆ ಇರುವ ನಮ್ಮವರಲ್ಲಿ ಪಿಕಪ್ ಓಡಿಸುವವರು ಬಹಳ ಮಂದಿ. ಜಬಲ್ ಅಖ್ದರ್ ಮೇಲಿನ ಸೈಟ್‌ಗಳಿಗೆ ನೀರು, ಸಿಮೆಂಟ್, ಪೈಪು ಎಲ್ಲ ಹೊತ್ತು ಹೋಗುವುದು ಇವರೇ. ಕೆಳಗಿನ ಪೊಲೀಸ್ ಚೆಕ್‌ಪೋಸ್ಟ್‌ನಲ್ಲಿ ಫೋರ್ ವೀಲ್ ಗಾಡಿಯನ್ನು ಮಾತ್ರ ಮೇಲೆ ಬಿಡುತ್ತಾರೆ ಅಂದರೆ ಆ ಏರು ಎಂಥದ್ದು ಅಂತ ಬೇರೆ ಹೇಳಬೇಕಿಲ್ಲ.

ಸ್ವಲ್ಪ ದಿನದ ಹಿಂದೆ ರಾಯಚೂರು ಕಡೆಯ ಒಬ್ಬ ತಮ್ಮ ನಮ್ಮ ವರ್ಕ್‌ಶಾಪಿಗೆ ಬಂದ. "ಅಣ್ಣಾ, ಸಪಾಟ ರೋಡಿನಾಗ ಗಾಡಿ ಕುದುರಿ ಓಡಿದಂಗ ಓಡ್ತದ. ಗುಡ್ಡ ಹತ್ತಾಕ ಶುರು ಮಾಡಿ ಹತ್ತು ನಿಮಿಷಕ್ಕ ದಮ್ಮು ಕಟ್ತದ" ಅಂದ. ಪ್ಲಗ್ ಹೊಸದು ಹಾಕಿಸಿದ್ದಾಗಿತ್ತು, ಏರ್ ಫಿಲ್ಟರ್ ಬದಲಾಯಿಸಿದ್ದಾಗಿತ್ತು, ಗುಣ ಕಂಡಿರಲಿಲ್ಲ. ಕೊನೆಗೆ ಅವನ ಫೋರ್‌ಮನ್, "ನೀನೇ ಕ್ಲಚ್ ಸುಟ್ಟಿದ್ದೀಯ, ದುಡ್ಡು ಸಂಬಳದಲ್ಲಿ ಹಿಡೀತೀವಿ" ಅಂದುಬಿಟ್ಟಿದ್ದ. ಊರಿಗೆ ಕಳಿಸುವ ದುಡ್ಡಿಗೇ ಕತ್ತರಿ ಬೀಳುತ್ತದೆ ಅಂತ ಹುಡುಗನ ಮುಖ ಬಾಡಿತ್ತು.

ನಾವು ಸ್ಪ್ಯಾನರ್ ಕೈಗೆ ತೆಗೆದುಕೊಳ್ಳಲಿಲ್ಲ. ಮೊದಲು ಚಹಾ ತರಿಸಿದೆವು, ಆಮೇಲೆ ಮೂರು ಪ್ರಶ್ನೆ ಕೇಳಿದೆವು.

ಒಂದು: ಗಾಡಿ ಸೋಲುವಾಗ ಆರ್‌ಪಿಎಂ ಮುಳ್ಳು ಏನಾಗುತ್ತದೆ? ಮುಳ್ಳು ಮೇಲೇರಿ, ಇಂಜಿನ್ ಕೂಗಿಕೊಂಡು, ಗಾಡಿ ಮಾತ್ರ ಮುಂದೆ ಹೋಗದಿದ್ದರೆ ಕ್ಲಚ್ ಜಾರುತ್ತಿದೆ ಎಂದರ್ಥ. ಸುಟ್ಟ ವಾಸನೆಯೂ ಬರುತ್ತದೆ. ಸ್ಪೀಡಿನ ಜೊತೆಗೆ ಮುಳ್ಳೂ ಇಳಿದರೆ ಕ್ಲಚ್ ಹಿಡಿದುಕೊಂಡೇ ಇದೆ, ಸೋತಿರುವುದು ಇಂಜಿನ್. "ಎರಡೂ ಕೂಡೇ ಇಳೀತಾವಣ್ಣ" ಅಂದ ಹುಡುಗ. ಕ್ಲಚ್ಚಿನ ಆರೋಪ ಅಲ್ಲಿಗೇ ಅರ್ಧ ಬಿದ್ದುಹೋಯಿತು.

ಎರಡು: ಏರು ಶುರುವಾದ ಕೂಡಲೇ ಸೋಲುತ್ತದೋ, ಸ್ವಲ್ಪ ಹೊತ್ತಾದ ಮೇಲೋ? ಮೇಲೆ ಹೋದಷ್ಟೂ ಒಂದೇ ಸಮನೆ ಮಂದ ಆಗುತ್ತಿದ್ದರೆ ಗಾಳಿಯ ಕಡೆ ನೋಡಿ. ಏರ್ ಫಿಲ್ಟರಿನಲ್ಲಿ ಧೂಳು ಕಟ್ಟಿರಬಹುದು, ಅಥವಾ ಬೆಟ್ಟದ ಗಾಳಿಯೇ ತೆಳು ಇರಬಹುದು. ನಮ್ಮ ಆಗುಂಬೆ ಸಮುದ್ರಮಟ್ಟದಿಂದ ಸುಮಾರು 650 ಮೀಟರ್, ಇಲ್ಲಿನ ಸೈಕ್ ಸುಮಾರು 2,000 ಮೀಟರ್. ಟರ್ಬೊ ಇಲ್ಲದ ಇಂಜಿನ್ ಪ್ರತಿ 1,000 ಮೀಟರ್‌ಗೆ ಹೆಚ್ಚುಕಡಿಮೆ ನೂರಕ್ಕೆ 10ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಅಷ್ಟು ಸೋತರೆ ಅದು ರೋಗವಲ್ಲ, ಗೇರ್ ಒಂದು ಇಳಿಸಿ ಹತ್ತಿಸಿ. ಆದರೆ ಹತ್ತು ನಿಮಿಷ ಚೆನ್ನಾಗಿ ಎಳೆದು, ಆಮೇಲೆ ಸೋತು, ನಿಲ್ಲಿಸಿ ಮತ್ತೆ ಹೊರಟರೆ ಸರಿಹೋಗುತ್ತಿದ್ದರೆ ಇಂಧನದ ಕಡೆ ಅನುಮಾನ ಪಡಬೇಕು. ಹುಡುಗ ಹೇಳಿದ್ದು ಇದನ್ನೇ. ಸೈಡಿಗೆ ಹಾಕಿ ಬೀಡಿ ಸೇದಿ ಬರುವಷ್ಟರಲ್ಲಿ ಗಾಡಿ ಮತ್ತೆ ತಯಾರು.

ಮೂರು: ಸೋಲುವಾಗ ಬೇರೇನು ಕಂಡಿತು, ಕೇಳಿಸಿತು? ಝಟ್ಕಾ ಹೊಡೆದು ಚೆಕ್ ಇಂಜಿನ್ ದೀಪ ಮಿಣುಕಿದರೆ ಕಿಡಿ ತಪ್ಪುತ್ತಿದೆ. ಕಾಯಿಲ್, ಪ್ಲಗ್ ನೋಡಿ. ದೀಪ ಮಿಣುಕುವಾಗ ಒತ್ತಿ ಓಡಿಸಬೇಡಿ, ಉರಿಯದ ಪೆಟ್ರೋಲ್ ಹೊಗೆಕೊಳವೆಗೆ ಹೋಗಿ ಕೆಟಲಿಟಿಕ್ ಕನ್ವರ್ಟರನ್ನೇ ಸುಡುತ್ತದೆ. ಆಕ್ಸಿಲರೇಟರ್ ಎಷ್ಟು ಒತ್ತಿದರೂ ಇಂಜಿನ್ ಉಸಿರುಕಟ್ಟಿದ ಹಾಗೆ ಇದ್ದು, ಕಾಲ ಕೆಳಗಿನ ತಗಡು ವಿಪರೀತ ಬಿಸಿಯಾದರೆ ಆ ಕನ್ವರ್ಟರ್ ಆಗಲೇ ಕಟ್ಟಿಕೊಂಡಿರಬಹುದು. ಡೀಸೆಲ್ ಟರ್ಬೊ ಗಾಡಿ ಕಪ್ಪು ಹೊಗೆ ಬಿಟ್ಟು ಸೋತರೆ ಟರ್ಬೊ ಹೋಸ್ ಬಿರುಕು ಬಿಟ್ಟಿದೆಯಾ ನೋಡಿ. ಹೊಗೆ ಇಲ್ಲದೆ ಸೋತರೆ ಮೊದಲು ಡೀಸೆಲ್ ಫಿಲ್ಟರ್ ನೋಡಿ.

ಹುಡುಗನ ಗಾಡಿಯದು ಪೆಟ್ರೋಲ್ ಇಂಜಿನ್. ಸ್ಕ್ಯಾನರ್ ಹಾಕಿಕೊಂಡು ಅವನ ಜೊತೆ ನಾವೂ ಲೋಡ್ ಸಮೇತ ಬೆಟ್ಟ ಹತ್ತಿದೆವು. ನಿಂತಿದ್ದಾಗ ಎಲ್ಲಾ ಸರಿ. ಏರಿನಲ್ಲಿ ಸೋಲುವ ಹೊತ್ತಿಗೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ ಅಂತ ತೋರಿಸಿತು. ಪಿ 0171 ಕೋಡ್ ಬಂತು. ಕೆಳಗೆ ಬಂದು ಟ್ಯಾಂಕ್ ಇಳಿಸಿದೆವು. ಪಂಪಿನ ಬಾಯಿಗೆ ಇರುವ ಜಾಲರಿ ಕೆಮ್ಮಣ್ಣಿನ ಕೆಸರಿನಿಂದ ಮುಚ್ಚಿಹೋಗಿತ್ತು. ಸೈಟಿನಲ್ಲಿ ಪೆಟ್ರೋಲ್ ಡ್ರಮ್ಮಿನಿಂದ ಹಾಕುತ್ತಿದ್ದರಂತೆ, ಡ್ರಮ್ಮಿಗೆ ಮುಚ್ಚಳವಿಲ್ಲ, ಸುರಿಯುವ ಲಾಳಿಕೆಗೆ ಜಾಲರಿಯಿಲ್ಲ.

ಸಪಾಟಿನಲ್ಲಿ ಇಂಜಿನ್‌ಗೆ ಬೇಕಾದ ಪೆಟ್ರೋಲ್ ಕಡಿಮೆ, ಮುಚ್ಚಿದ ಜಾಲರಿಯಲ್ಲೂ ಅಷ್ಟು ನುಸುಳುತ್ತದೆ. ಏರಿನಲ್ಲಿ ಪಂಪ್ ಜೋರಾಗಿ ಎಳೆಯುತ್ತಾ ಹೋದಂತೆ ಕೆಸರು ಜಾಲರಿಗೆ ಇನ್ನೂ ಬಿಗಿಯಾಗಿ ಅಂಟುತ್ತದೆ. ಇಂಜಿನ್ ನಿಲ್ಲಿಸಿದರೆ ಅದು ಉದುರಿ ತಳಕ್ಕೆ ಇಳಿಯುತ್ತದೆ. ಅದಕ್ಕೇ ಹತ್ತು ನಿಮಿಷದ ಆಟ.

ಟ್ಯಾಂಕ್ ತೊಳೆದು, ಹೊಸ ಜಾಲರಿ, ಹೊಸ ಫಿಲ್ಟರ್ ಹಾಕಿದೆವು. ಹಳೇ ಜಾಲರಿಯನ್ನು ಎಸೆಯಲು ಬಿಡಲಿಲ್ಲ. ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಜೊತೆಗೆ ಏನು ಕಂಡಿತು, ಏನು ಮಾಡಿದೆವು, ಕ್ಲಚ್ ಜಾರಿಲ್ಲ ಎಂಬುದನ್ನೂ ಬರೆದ ಚೀಟಿ ಕೊಟ್ಟು ಕಳಿಸಿದೆವು. ಫೋರ್‌ಮನ್ ಜಾಲರಿ ನೋಡಿ ಏನೂ ಮಾತಾಡಲಿಲ್ಲವಂತೆ. ಸಂಬಳ ಹಿಡಿಯುವ ಮಾತೂ ಮತ್ತೆ ಬರಲಿಲ್ಲ.

ಈ ಮಾತು ಬರೆಯುವ ಕಾರಣವೇ ಅದು. ಗಾಡಿ ಕೆಟ್ಟರೆ ಮೊದಲು ಬೆರಳು ತೋರಿಸುವುದು ಡ್ರೈವರ್ ಕಡೆಗೆ. ಬಾಯಿಮಾತು ನಿಲ್ಲುವುದಿಲ್ಲ. ಗಾಡಿಯಲ್ಲಿ ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಳ್ಳಿ. ದಿನಾಂಕ, ಎಷ್ಟು ಲೋಡ್, ಟ್ಯಾಂಕ್ ಎಷ್ಟಿತ್ತು, ಎಷ್ಟು ನಿಮಿಷಕ್ಕೆ ಸೋತಿತು, ಆರ್‌ಪಿಎಂ, ಟೆಂಪರೇಚರ್ ಮುಳ್ಳು ಎಲ್ಲಿತ್ತು, ಯಾರಿಗೆ ಹೇಳಿದಿರಿ, ಇಷ್ಟು ಬರೆದರೆ ಸಾಕು. ದೀಪ ಹತ್ತಿದರೆ, ಗಾಡಿ ನಿಲ್ಲಿಸಿ ಫೋಟೋ ತೆಗೆಯಿರಿ. ಮೆಕ್ಯಾನಿಕ್‌ಗೂ ಇದರಿಂದ ಅರ್ಧ ಕೆಲಸ ಉಳಿಯುತ್ತದೆ, ನಿಮಗೆ ಸಾಕ್ಷಿಯೂ ಆಗುತ್ತದೆ.

ಕೊನೆಗೆ ಜೀವದ ಮಾತು. ಏರಿನಲ್ಲಿ ಇಂಜಿನ್ ನಿಂತರೆ ನ್ಯೂಟ್ರಲ್‌ನಲ್ಲಿ ಹಿಂದಕ್ಕೆ ಬಿಡಲೇಬೇಡಿ. ಇಂಜಿನ್ ಇಲ್ಲದಿದ್ದರೆ ಒಂದೆರಡು ಸಲ ಒತ್ತುವಷ್ಟರಲ್ಲಿ ಬ್ರೇಕ್ ಕಲ್ಲಾಗುತ್ತದೆ, ಸ್ಟೀರಿಂಗ್ ಭಾರವಾಗುತ್ತದೆ. ಬ್ರೇಕ್ ಒತ್ತಿ ಹಿಡಿದೇ ಹ್ಯಾಂಡ್ ಬ್ರೇಕ್ ಎಳೆಯಿರಿ, ಗೇರಿನಲ್ಲಿ ಬಿಡಿ, ಆಮೇಲೆ ಇಳಿದು ಚಕ್ರದ ಹಿಂದೆ ದೊಡ್ಡ ಕಲ್ಲು ಕೊಡಿ. ಟೆಂಪರೇಚರ್ ಏರಿದ್ದರೆ ತಣ್ಣಗಾಗುವ ತನಕ ರೇಡಿಯೇಟರ್ ಮುಚ್ಚಳ ಮುಟ್ಟಬೇಡಿ. ಫೋರ್‌ಮನ್ ಫೋನ್ ಮಾಡಿ ಅವಸರ ಮಾಡಿದರೂ ಸೋತ ಗಾಡಿಯನ್ನು ಲೋಡ್ ಸಮೇತ ಮೇಲಕ್ಕೆ ಒತ್ತಬೇಡಿ. ಸಿಮೆಂಟ್ ನಾಳೆಯೂ ಹೋಗುತ್ತದೆ.

ಬರುವ ತಿಂಗಳು ಅದೇ ಬೆಟ್ಟ ಇಳಿಯುವ ವಿಷಯ: ಬ್ರೇಕ್ ಕಾಯದ ಹಾಗೆ ಗೇರಿನಲ್ಲಿ ಇಳಿಸುವುದು ಹೇಗೆ. ಅಲ್ಲಿಯವರೆಗೆ ಹುಷಾರಾಗಿ ಓಡಿಸಿ.